ಕ್ಯಾಂಪರ್ ವ್ಯಾನಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ: ಹೊಸತು ಕೊಳ್ಳುವ ಮೊದಲು ನೋಡಬೇಕಾದುದು

ವರ್ಷದಲ್ಲಿ ಆರೇಳು ಬಾರಿ ಮಾತ್ರ ರಸ್ತೆಗಿಳಿಯುವ ಕ್ಯಾಂಪರ್ ವ್ಯಾನು ಉಳಿದ ದಿನಗಳನ್ನೆಲ್ಲ ಅಂಗಳದ ಮೂಲೆಯಲ್ಲಿ, ಶೀಟಿನ ಮಾಡಿನ ಕೆಳಗೆ ಕಳೆಯುತ್ತದೆ. ನಮ್ಮ ವ್ಯಾನು ನಿಲ್ಲುವುದು ಉಡುಪಿ ಬಳಿಯ ಕಟಪಾಡಿಯಲ್ಲಿ, ರಾತ್ರಿಯ ಹೊತ್ತು ಕಡಲಿನ ಮೊರೆತ ಕೇಳುವಷ್ಟು ಹತ್ತಿರದಲ್ಲಿ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ ನಿಲ್ಲಿಸಿದ ಗಾಡಿಯನ್ನು ಚೌತಿಯ ಹೊತ್ತಿಗೆ ಹೊರಡಿಸಲು ಹೋದರೆ ಸೆಲ್ಫ್ ಎಳೆಯುವುದಿಲ್ಲ. ಕರೆಸಿದ ಮೆಕ್ಯಾನಿಕ್ ಬಾನೆಟ್ ಎತ್ತಿ, ಬ್ಯಾಟರಿಯ ಮೇಲೊಮ್ಮೆ ಕೈಯಿಟ್ಟು, "ಬ್ಯಾಟರಿ ಹೋಗಿದೆ ಮಾರಾಯ್ರೆ, ಹೊಸತು ಹಾಕಿ" ಎನ್ನುತ್ತಾರೆ. ಒಮ್ಮೆ ನಾನು ಹಾಗೆಯೇ ಹೊಸತನ್ನು ಹಾಕಿಸಿದೆ. ಅದೂ ಮೂರೇ ವಾರದಲ್ಲಿ ಇಳಿದ ಮೇಲೆ ಮೀಟರು ಹಿಡಿದು ಕುಳಿತೆ. ಆಗ ನೋಡಿದ ಕ್ರಮವನ್ನು, ಆಮೇಲೆ ಬಂಧುಮಿತ್ರರ ಗಾಡಿಗಳಲ್ಲಿ ಕಂಡದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಇದಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ. 10 ಆಂಪಿಯರ್ ತನಕ ಅಳೆಯಬಲ್ಲ ಒಂದು ಡಿಜಿಟಲ್ ಮಲ್ಟಿಮೀಟರ್, 10ನೇ ನಂಬರಿನ ಸ್ಪ್ಯಾನರ್, ಒಂದು ತಂತಿಯ ಬ್ರಷ್, ಮತ್ತು ಹೇಳಿದಾಗ ಕೀ ತಿರುಗಿಸಲು ಒಬ್ಬ ಜೊತೆಗಾರರು. ಕ್ಯಾಂಪರ್ ವ್ಯಾನಿನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳಿರುತ್ತವೆ ಎಂಬುದನ್ನು ಮರೆಯಬಾರದು. ಎಂಜಿನ್ ಎಬ್ಬಿಸುವುದು ಒಂದು. ಒಳಗಿನ ದೀಪ, ಫ್ಯಾನು, ಫ್ರಿಜ್ಜುಗಳನ್ನು ನಡೆಸುವುದು ಇನ್ನೊಂದು. ಇಲ್ಲಿ ಹೇಳುವುದು ಮೊದಲನೆಯದರ ಬಗ್ಗೆ. ಎರಡನೆಯದು ಚೆನ್ನಾಗಿದ್ದು ಒಳಗೆ ದೀಪಗಳು ಝಗಝಗ ಉರಿಯುತ್ತಿದ್ದರೂ ಮೊದಲನೆಯದು ಪೂರ್ತಿ ಇಳಿದಿರಬಹುದು. ಆದ್ದರಿಂದ ದೀಪ ಉರಿಯುವುದನ್ನು ನೋಡಿ ಬ್ಯಾಟರಿ ಸರಿಯಿದೆ ಎಂದುಕೊಳ್ಳುವಂತಿಲ್ಲ.

ಕೀ ತಿರುಗಿಸಿದಾಗ ಕೇಳುವ ಸದ್ದು

ಸೆಲ್ಫ್ ಮೋಟಾರು ಮಾಡುವ ಸದ್ದಿನಿಂದಲೇ ಅರ್ಧ ದಾರಿ ತಿಳಿಯುತ್ತದೆ. ಕಟಕಟಕಟ ಎಂದು ವೇಗವಾಗಿ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು: ಸೆಲ್ಫ್ ಮೋಟಾರಿಗೆ ಕರೆಂಟು ಕೂಡಿಸುವ ಸ್ವಿಚ್ಚಾದ ಸೊಲೆನಾಯ್ಡ್ ಕೂಡಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಕುಸಿದೊಡನೆ ಅದು ಬಿಟ್ಟುಕೊಳ್ಳುತ್ತದೆ, ಬಿಟ್ಟೊಡನೆ ವೋಲ್ಟೇಜ್ ಮೇಲೇರಿ ಮತ್ತೆ ಕೂಡುತ್ತದೆ. ಒಂದೇ ಬಾರಿ ಗಟ್ಟಿಯಾಗಿ ಟಕ್ ಎಂದು ಸುಮ್ಮನಾದರೆ ದಪ್ಪ ವೈರುಗಳ ಜೋಡಣೆಯನ್ನೋ ಸೊಲೆನಾಯ್ಡನ್ನೋ ಸೆಲ್ಫ್ ಮೋಟಾರನ್ನೋ ಅನುಮಾನಿಸಬೇಕು. ಏನೂ ಸದ್ದಿಲ್ಲದೆ, ಡ್ಯಾಶ್‌ಬೋರ್ಡಿನ ದೀಪವೂ ಬಾರದಿದ್ದರೆ, ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆಯೇ ಎಂದು ಮೊದಲು ಕೈಯಿಂದ ತಿರುಚಿ ನೋಡಿರಿ. ಮಳೆಗಾಲವಿಡೀ ನಿಂತ ಗಾಡಿಯಾದರೆ ಇಲಿ ಕಡಿದ ವೈರುಗಳಿಗಾಗಿಯೂ ಟಾರ್ಚ್ ಹಾಕಿ ಹುಡುಕಬೇಕು; ಹೊರಗೆ ಎಡೆಬಿಡದೆ ಸುರಿಯುವಾಗ ಬಾನೆಟ್ಟಿನ ಅಡಿಯಂಥ ಒಣ ಜಾಗ ಇಲಿಗೆ ಬೇರೆಲ್ಲಿ ಸಿಗಬೇಕು?

ವೋಲ್ಟೇಜ್ ಅಳೆಯುವಾಗ

ಗಾಡಿ ಓಡಿಸಿ ಬಂದ ಕೂಡಲೇ, ಅಥವಾ ಚಾರ್ಜರ್ ತೆಗೆದ ಕೂಡಲೇ ಅಳೆದರೆ ಸಿಗುವ ಅಂಕೆ ಸುಳ್ಳು ಹೇಳುತ್ತದೆ. ಪ್ಲೇಟುಗಳ ಮೇಲ್ಮೈಯಲ್ಲಷ್ಟೇ ಉಳಿದಿರುವ ಚಾರ್ಜು ವೋಲ್ಟೇಜನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದಿರುತ್ತದೆ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಾಗಿಲನ್ನೂ ತೆರೆಯುವ ಮೊದಲು ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಮೀಟರಿನ ಮೊನೆಗಳನ್ನಿಟ್ಟು ನೋಡಬೇಕು. 12.6ರಿಂದ 12.7 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12 ಎಂದರೆ ಕಾಲು ಭಾಗ, 11.8ರಲ್ಲಿ ಅದು ಖಾಲಿಯಾಗಿದೆ ಎಂದೇ ತಿಳಿಯಬೇಕು. 12 ವೋಲ್ಟ್ ಎಂದು ಹೆಸರಿರುವ ಬ್ಯಾಟರಿಯಲ್ಲಿ 12 ವೋಲ್ಟ್ ಕಂಡು ಸಮಾಧಾನಪಟ್ಟುಕೊಳ್ಳುವವರು ಬಹಳ ಮಂದಿ. ಅದು ಇಂಧನದ ಮುಳ್ಳು ಕೆಂಪು ಗೆರೆಗೆ ಇಳಿದ ಸ್ಥಿತಿ.

ಪೂರ್ತಿ ಚಾರ್ಜು ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಕೆಟ್ಟಿದೆ. ಪ್ರತಿ ಸೆಲ್ಲು ಸುಮಾರು 2.1 ವೋಲ್ಟ್ ಕೊಡುವುದರಿಂದ, ಒಂದು ಹೋದರೆ ಉಳಿಯುವುದು ಅಷ್ಟೇ. ಅಂಥದ್ದಕ್ಕೆ ಚಿಕಿತ್ಸೆಯಿಲ್ಲ.

ಇನ್ನು, ಮೀಟರಿನ ಮೊನೆಗಳನ್ನು ಕಂಬಗಳ ಮೇಲೆಯೇ ಹಿಡಿದಿದ್ದು, ಜೊತೆಗಾರರಿಂದ ಕೀ ತಿರುಗಿಸಿರಿ. ಸೆಲ್ಫ್ ಎಳೆಯುತ್ತಿರುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಜಾರದಿದ್ದರೆ ಬ್ಯಾಟರಿಗೆ ಶಕ್ತಿಯಿದೆ. ಏಳು, ಎಂಟು ವೋಲ್ಟಿಗೆ ಕುಸಿದರೆ ಬ್ಯಾಟರಿ ಇಳಿದಿದೆ ಅಥವಾ ಮುದಿಯಾಗಿದೆ. ಆದರೆ ಸೆಲ್ಫ್ ಎಳೆಯದೆ, ವೋಲ್ಟೇಜ್ ಮಾತ್ರ ಹನ್ನೆರಡರ ಮೇಲೆಯೇ ಅಲುಗಾಡದೆ ನಿಂತಿದ್ದರೆ, ಬ್ಯಾಟರಿಯಿಂದ ಕರೆಂಟೇ ಹೊರಡುತ್ತಿಲ್ಲ ಎಂದರ್ಥ. ಆಗ ಹೊಸ ಬ್ಯಾಟರಿಗೆ ಸುರಿದ ಹಣ ನೀರುಪಾಲು. ಇಡೀ ಪರೀಕ್ಷೆಯಲ್ಲಿ ಇದೊಂದನ್ನೇ ಮಾಡಿದರೂ ಸಾಕು ಎನ್ನುವಷ್ಟು ಬೆಲೆಬಾಳುವ ಪರೀಕ್ಷೆ ಇದು, ಏಕೆಂದರೆ ನಮ್ಮ ಕರಾವಳಿಯಲ್ಲಿ ಸತ್ತಂತೆ ಕಾಣುವ ಬ್ಯಾಟರಿಗಳಲ್ಲಿ ಕೆಲವು ಪೂರ್ತಿ ಆರೋಗ್ಯವಾಗಿಯೇ ಇರುತ್ತವೆ.

ಉಪ್ಪುಗಾಳಿಯ ಕೆಲಸ

ಬ್ಯಾಟರಿಯ ನೆಗೆಟಿವ್ ಕಂಬದಿಂದ ಬಾಡಿಗೂ, ಬಾಡಿಯಿಂದ ಎಂಜಿನ್ನಿಗೂ ಹೋಗುವ ಅರ್ಥಿಂಗ್ ಪಟ್ಟಿಗಳ ಮೂಲಕ ಸೆಲ್ಫ್ ಮೋಟಾರಿನ ನೂರಾರು ಆಂಪಿಯರ್ ಹರಿಯಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಊರಿನಲ್ಲಿ ಈ ಪಟ್ಟಿಗಳೇ ಮೊದಲು ಹಾಳಾಗುತ್ತವೆ. ನನ್ನ ಭಾವನವರ ಗಾಡಿಯಲ್ಲಿ ಪಟ್ಟಿ ಹೊರನೋಟಕ್ಕೆ ಹೊಸದರಂತಿತ್ತು. ಬೋಲ್ಟು ಬಿಗಿಯಾಗಿತ್ತು, ಅದರ ತುದಿಯ ಲೋಹದ ಬಳೆ (ಲಗ್ಗು) ಹೊಳೆಯುತ್ತಿತ್ತು. ಬ್ಲೇಡಿನಿಂದ ಕಪ್ಪು ಹೊದಿಕೆಯನ್ನು ಒಂದು ಅಂಗುಲ ಸೀಳಿದಾಗ ಒಳಗೆ ತಾಮ್ರದ ಎಳೆಗಳಿರಲಿಲ್ಲ. ಬೆರಳಿಗೆ ಅಂಟಿದ್ದು ಹಸಿರು ಪುಡಿ. ಉಳಿದಿದ್ದ ಹತ್ತು ಹದಿನೈದು ಎಳೆಗಳು ದೀಪ ಉರಿಸಲು ಸಾಕಾಗಿದ್ದವು, ಹಾರ್ನ್ ಬಾರಿಸಲೂ ಸಾಕಾಗಿದ್ದವು, ಎಂಜಿನ್ ತಿರುಗಿಸಲು ಸಾಲುತ್ತಿರಲಿಲ್ಲ.

ಕಣ್ಣಿಗೆ ಕಾಣದ ಇಂಥ ದೋಷವನ್ನು ಮೀಟರ್ ಕಾಣುತ್ತದೆ. ಕಪ್ಪು ಮೊನೆಯನ್ನು ನೆಗೆಟಿವ್ ಸೀಸದ ಕಂಬದ ಮೇಲೂ (ಕಂಬವನ್ನು ಹಿಡಿದಿರುವ ವೈರಿನ ಕ್ಲ್ಯಾಂಪಿನ ಮೇಲಲ್ಲ), ಕೆಂಪು ಮೊನೆಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೂ ಇಟ್ಟು ಸೆಲ್ಫ್ ಹೊಡೆಸಿರಿ. 0.2 ವೋಲ್ಟಿನ ಒಳಗಿದ್ದರೆ ದಾರಿ ಸ್ವಚ್ಛವಾಗಿದೆ. ಅರ್ಧ ವೋಲ್ಟು, ಒಂದು ವೋಲ್ಟು ಬಂದರೆ ಅಷ್ಟು ವೋಲ್ಟೇಜು ದಾರಿಯಲ್ಲೇ ಪೋಲಾಗುತ್ತಿದೆ. ಆಗ ಕೆಂಪು ಮೊನೆಯನ್ನು ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಕ್ಲ್ಯಾಂಪಿಗೆ ಹಂತಹಂತವಾಗಿ ಹಿಂದೆ ತಂದು ಪ್ರತಿಸಲವೂ ಸೆಲ್ಫ್ ಹೊಡೆಸಿದರೆ ಯಾವ ಜೋಡಣೆಯಲ್ಲಿ ವೋಲ್ಟೇಜು ಕಳೆದುಹೋಗುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ. ಪಾಸಿಟಿವ್ ಕಂಬಕ್ಕೂ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೂ ನಡುವೆ ಇದೇ ರೀತಿ ನೋಡಬೇಕು.

ಟರ್ಮಿನಲ್ ಮೇಲಿನ ಬಿಳಿ, ಹಸಿರು ಬೂಷ್ಟಿನಂಥ ಪುಡಿಯನ್ನು ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾದಿಂದ ತೊಳೆದು, ತಂತಿಯ ಬ್ರಷ್‌ನಿಂದ ಲೋಹ ಹೊಳೆಯುವ ತನಕ ಉಜ್ಜಿರಿ. ಸೋಡಾ ನೀರು ಸೆಲ್ಲುಗಳ ಮುಚ್ಚಳದ ಮೂಲಕ ಒಳಗಿಳಿಯಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಗ್ರೀಸನ್ನೋ ವ್ಯಾಸಲೀನನ್ನೋ ಕ್ಲ್ಯಾಂಪ್ ಬಿಗಿದ ಮೇಲೆ ಹೊರಗಿನಿಂದ ಸವರಬೇಕು, ಮೊದಲೇ ಕಂಬಕ್ಕೆ ಮೆತ್ತಿ ಅದರ ಮೇಲೆ ಕ್ಲ್ಯಾಂಪ್ ಕೂರಿಸುವುದಲ್ಲ.

ನಿಂತಲ್ಲೇ ಸೋರುವ ಕರೆಂಟು

ಬ್ಯಾಟರಿಯೂ ಸರಿ, ಜೋಡಣೆಗಳೂ ಸರಿ, ಆದರೂ ಎರಡು ಮೂರು ವಾರ ನಿಂತರೆ ಇಳಿಯುತ್ತದೆ ಎಂದಾದರೆ ಕೀ ತೆಗೆದ ಮೇಲೂ ಏನೋ ಒಂದು ಅದನ್ನು ಕುಡಿಯುತ್ತಿದೆ. ಎಲ್ಲ ಆಧುನಿಕ ಗಾಡಿಗಳೂ ಸ್ವಲ್ಪ ಕುಡಿಯುತ್ತವೆ: ಗಡಿಯಾರ, ಲಾಕಿನ ರಿಸೀವರ್, ಎಂಜಿನ್ನಿನ ಕಂಪ್ಯೂಟರಿನ ನೆನಪು ಎಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ತನಕ ಸಹಜ. ದಿನವೂ ಓಡುವ ಗಾಡಿಗೆ ಅದು ಲೆಕ್ಕಕ್ಕೇ ಇಲ್ಲ. ನಿಂತೇ ಇರುವ ಗಾಡಿಗೆ ಅದೇ ದೊಡ್ಡ ಖರ್ಚು. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್ ಅವರ್ (ಒಂದು ಆಂಪಿಯರಿನಂತೆ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್), ಮೂವತ್ತು ದಿನಕ್ಕೆ 36. 80 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಅಂದರೆ ಯಾವ ದೋಷವೂ ಇಲ್ಲದ ಗಾಡಿ ಕೂಡ ಜೂನ್ ಒಂದಕ್ಕೆ ನಿಲ್ಲಿಸಿದರೆ ಆಗಸ್ಟ್ ನಡುವಿಗೆ ಆಟಿ ತಿಂಗಳು ಮುಗಿಯುವುದರೊಳಗೆ ಏಳದ ಸ್ಥಿತಿಗೆ ಬರಬಹುದು.

ಅಳೆಯುವ ಬಗೆ ಹೀಗೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿರಿ. ಬಾನೆಟ್ ತೆರೆದಿಟ್ಟು, ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿ, ಕೀಯನ್ನು ಗಾಡಿಯಿಂದ ದೂರವಿಡಿ. ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಮೀಟರನ್ನು ಸೇರಿಸಬೇಕು. ಆದರೆ ಅದಕ್ಕೆ ಮೊದಲು ಒಂದು ತುಂಡು ವೈರನ್ನು ಅವೆರಡರ ನಡುವೆ ತಾತ್ಕಾಲಿಕವಾಗಿ ಕೂಡಿಸಿರಿ. ಬ್ಯಾಟರಿ ಕೂಡಿದ ಮೊದಲ ಕ್ಷಣದಲ್ಲಿ ಗಾಡಿಯ ಎಲ್ಲ ಕಂಪ್ಯೂಟರುಗಳೂ ಒಮ್ಮೆಲೇ ಎಚ್ಚರಗೊಂಡು ಮೀಟರಿನ ಫ್ಯೂಸ್ ಹಾರಿಸುವುದುಂಟು; ಆ ಮೊದಲ ಭಾರವನ್ನು ವೈರು ಹೊರುತ್ತದೆ. ಮೀಟರ್ ಸೇರಿಸಿಯಾದ ಮೇಲೆ ತುಂಡು ವೈರನ್ನು ತೆಗೆದು ಅರ್ಧ ಗಂಟೆ ಕಾಯಿರಿ. ಗಾಡಿಗೆ ನಿದ್ದೆ ಹತ್ತಲು ಅಷ್ಟು ಹೊತ್ತು ಬೇಕು. ಈ ಅವಧಿಯಲ್ಲಿ ಯಾರೂ ಬಾಗಿಲು ತೆರೆಯಬಾರದು, ಸೆಲ್ಫ್ ಹೊಡೆಯುವ ಮಾತಂತೂ ಇಲ್ಲವೇ ಇಲ್ಲ.

ನಮ್ಮ ವ್ಯಾನಿನಲ್ಲಿ ಅಂಕೆ 0.9ರಿಂದ ಆರಂಭವಾಗಿ, ಹತ್ತು ನಿಮಿಷದಲ್ಲಿ 0.3ಕ್ಕೆ, ಆಮೇಲೆ 0.14ಕ್ಕೆ ಇಳಿದು ಅಲ್ಲಿಯೇ ಕುಳಿತುಬಿಟ್ಟಿತು. 140 ಮಿಲಿಆಂಪಿಯರ್ ಎಂದರೆ ದಿನಕ್ಕೆ 3.4 ಆಂಪಿಯರ್ ಅವರ್. ಹನ್ನೆರಡು ದಿನಕ್ಕೆ ಅರ್ಧ, ಮೂರು ವಾರಕ್ಕೆ ಬಹುತೇಕ ಖಾಲಿ. ಹೊಸ ಬ್ಯಾಟರಿ ಮೂರು ವಾರದಲ್ಲಿ ಇಳಿದ ಲೆಕ್ಕ ಅಲ್ಲಿಗೆ ಸರಿಹೋಯಿತು. ಫ್ಯೂಸುಗಳನ್ನು ಒಂದೊಂದಾಗಿ ಎಳೆದು, ಮೀಟರ್ ನೋಡಿ, ಮತ್ತೆ ಅಲ್ಲೇ ಕೂರಿಸುತ್ತ ಬಂದೆ. ಹನ್ನೊಂದನೆಯದನ್ನು ಎಳೆದಾಗ ಅಂಕೆ 0.03ಕ್ಕೆ ಬಿತ್ತು. ಅದು ಸ್ಟೀರಿಯೊದ ಫ್ಯೂಸು. ಸ್ಟೀರಿಯೊಗೆ ಎರಡು ಪಾಸಿಟಿವ್ ವೈರುಗಳಿರುತ್ತವೆ: ನೆನಪು ಉಳಿಸಿಕೊಳ್ಳಲು ಸದಾ ಕರೆಂಟು ಕೊಡುವ ಹಳದಿ, ಕೀ ತಿರುಗಿಸಿದಾಗ ಮಾತ್ರ ಎಚ್ಚರಿಸುವ ಕೆಂಪು. ನಮ್ಮದರಲ್ಲಿ ಅವೆರಡನ್ನೂ ಒಟ್ಟಿಗೆ ತಿರುಚಿ ಟೇಪು ಸುತ್ತಲಾಗಿತ್ತು, ಹಾಗಾಗಿ ಪರದೆ ಕಪ್ಪಾಗಿದ್ದರೂ ಯಂತ್ರ ಮಲಗುತ್ತಲೇ ಇರಲಿಲ್ಲ. ಹೀಗೇಕೆ ಮಾಡಿದರು ಎಂದು ಎರಡು ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ನೆನಪಾಯಿತು, ಬೀಡುಬಿಟ್ಟ ಕಡೆ ಕೀ ಹಾಕದೆ ಹಾಡು ಕೇಳುವಂತಾಗಬೇಕೆಂದು ಕೇಳಿಕೊಂಡವನು ನಾನೇ. ಈಗ ಕೆಂಪು ವೈರಿಗೆ ಪ್ರತ್ಯೇಕ ಸ್ವಿಚ್ಚಿದೆ.

ಫ್ಯೂಸ್ ಎಳೆಯುವಾಗ ಕೆಲವು ಗಾಡಿಗಳಲ್ಲಿ ಮಲಗಿದ ಕಂಪ್ಯೂಟರು ಮತ್ತೆ ಏಳುತ್ತದೆ. ಆಗ ಅಂಕೆಗಳು ಮೇಲೆ ಕೆಳಗೆ ಕುಣಿಯುತ್ತವೆ. ಅಂಥ ಕಡೆ ಫ್ಯೂಸನ್ನು ತೆಗೆಯದೆ, ಅದರ ಬೆನ್ನಿನ ಎರಡು ಪುಟ್ಟ ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟಿನಲ್ಲಿ ಅಳೆಯಬಹುದು. 10 ಆಂಪಿಯರ್ ಫ್ಯೂಸಿನ ರೋಧ ಸುಮಾರು 7ರಿಂದ 8 ಮಿಲಿಓಮ್ ಇರುವುದರಿಂದ, 1 ಮಿಲಿವೋಲ್ಟ್ ಕಂಡರೆ ಅದರಲ್ಲಿ 130 ಮಿಲಿಆಂಪಿಯರಿನಷ್ಟು ಹರಿಯುತ್ತಿದೆ ಎಂದು ಅಂದಾಜಿಸಬಹುದು. ಏನೂ ಹರಿಯದ ಫ್ಯೂಸು ಸೊನ್ನೆ ತೋರಿಸುತ್ತದೆ.

ಮಾರ್ಪಡಿಸಿದ ವ್ಯಾನುಗಳಲ್ಲಿ ಫ್ಯೂಸು ಪೆಟ್ಟಿಗೆಯನ್ನು ಪೂರ್ತಿ ಜಾಲಾಡಿದರೂ ಕಳ್ಳ ಸಿಗದಿರುವುದುಂಟು, ಏಕೆಂದರೆ ಆಮೇಲೆ ಸೇರಿಸಿದವುಗಳೆಲ್ಲ ಪೆಟ್ಟಿಗೆಯನ್ನು ಬಳಸದೆ ನೇರವಾಗಿ ಬ್ಯಾಟರಿಯ ಪಾಸಿಟಿವ್ ಕ್ಲ್ಯಾಂಪಿಗೇ ಗೊಂಚಲಿನಂತೆ ಜೋತುಬಿದ್ದಿರುತ್ತವೆ. ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮೆರಾ, ಹಿಂಬದಿ ಮೆಟ್ಟಿಲ ದೀಪ, ಇನ್ವರ್ಟರ್. ಇವುಗಳಲ್ಲಿ ಇನ್ವರ್ಟರನ್ನು ಮೊದಲು ಹಿಡಿಯಿರಿ. ಯಾವ ಪ್ಲಗ್ಗನ್ನೂ ಚುಚ್ಚದೆ, ಸುಮ್ಮನೆ ಆನ್ ಆಗಿರುವ ಇನ್ವರ್ಟರು ಅರ್ಧದಿಂದ ಒಂದು ಆಂಪಿಯರ್ ತನಕ ಎಳೆಯಬಲ್ಲುದು. ಒಂದು ಆಂಪಿಯರ್ ಎಂದರೆ ದಿನಕ್ಕೆ 24 ಆಂಪಿಯರ್ ಅವರ್, ಅಂದರೆ ಮೂರೇ ದಿನ.

ಇನ್ನೊಂದು, ಕ್ಯಾಂಪರಿಗೇ ವಿಶಿಷ್ಟವಾದ ತೊಂದರೆ. ಎಂಜಿನ್ ಓಡುವಾಗ ಎರಡೂ ಬ್ಯಾಟರಿಗಳನ್ನು ಕೂಡಿಸಿ, ನಿಂತಾಗ ಬೇರ್ಪಡಿಸುವ ರಿಲೇ ಒಂದಿರುತ್ತದೆ. ಅದರ ಕಾಂಟ್ಯಾಕ್ಟುಗಳು ಬೆಸೆದುಕೊಂಡು ಬಿಡದಿದ್ದರೆ ಒಳಗಿನ ಫ್ರಿಜ್ಜು ಎರಡೂ ಬ್ಯಾಟರಿಗಳನ್ನು ಸಮನಾಗಿ ಖಾಲಿ ಮಾಡುತ್ತದೆ. ಎಂಜಿನ್ ನಿಲ್ಲಿಸಿ ಒಂದು ಗಂಟೆಯ ನಂತರ ಎರಡೂ ಬ್ಯಾಟರಿಗಳ ವೋಲ್ಟೇಜ್ ಅಳೆಯಿರಿ. ಆಮೇಲೆ ಒಳಗಿನ ಫ್ಯಾನು, ದೀಪಗಳನ್ನೆಲ್ಲ ಹಾಕಿ ಮತ್ತೆ ಅಳೆಯಿರಿ. ಎರಡೂ ಜೊತೆಜೊತೆಯಾಗಿ ಇಳಿದರೆ ರಿಲೇ ಅಂಟಿಕೊಂಡಿದೆ. ಎಂಜಿನ್ನಿನ ಬ್ಯಾಟರಿ ಅಲುಗದಿದ್ದರೆ ರಿಲೇ ನಿರಪರಾಧಿ.

ಎಲ್ಲ ಫ್ಯೂಸು ಕಿತ್ತು, ಗೊಂಚಲನ್ನೂ ಬಿಡಿಸಿದ ಮೇಲೂ ಸೋರಿಕೆ ನಿಲ್ಲದಿದ್ದರೆ ಉಳಿಯುವುದು ಆಲ್ಟರ್ನೇಟರು, ಎಂದರೆ ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಡೈನಮೊ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಅದರೊಳಗಿನ ಡಯೋಡ್ ಕೆಟ್ಟರೆ ಕರೆಂಟು ಹಿಮ್ಮುಖವಾಗಿ ಹರಿಯುತ್ತದೆ. ಬ್ಯಾಟರಿ ಬಿಚ್ಚಿಟ್ಟು, ಆಲ್ಟರ್ನೇಟರಿನ ದಪ್ಪ ವೈರನ್ನು ತೆಗೆದು ಟೇಪು ಸುತ್ತಿ, ಮತ್ತೆ ಅಳೆದು ನೋಡಬೇಕು. ಅದು ಚಾರ್ಜು ಮಾಡುತ್ತಿದೆಯೇ ಎಂಬುದನ್ನು ತಿಳಿಯುವುದು ಸುಲಭ: ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು.

ನಿಂತ ದಿನಗಳಲ್ಲಿ ಚಾರ್ಜು ಉಳಿಸುವುದು

ವಾರಕ್ಕೊಮ್ಮೆ ಎಂಜಿನ್ ಹಾಕಿ ಹತ್ತು ನಿಮಿಷ ನಿಂತಲ್ಲೇ ಓಡಿಸುವ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ನಾನು ಅದನ್ನು ಮೆಚ್ಚುವುದಿಲ್ಲ. ಸೆಲ್ಫ್ ತಿನ್ನುವ ಕರೆಂಟು ಅಂಥ ದೊಡ್ಡದೇನಲ್ಲ. 200 ಆಂಪಿಯರಿನಂತೆ ಮೂರು ಸೆಕೆಂಡು ಎಳೆದರೂ 0.2 ಆಂಪಿಯರ್ ಅವರ್ ಆಗುವುದಿಲ್ಲ. ಆದರೆ ಹತ್ತು ನಿಮಿಷ 20 ಆಂಪಿಯರ್ ಒಳಗೆ ಹೋದರೂ ಸಿಗುವುದು ಮೂರು ಚಿಲ್ಲರೆ ಆಂಪಿಯರ್ ಅವರ್; 30 ಮಿಲಿಆಂಪಿಯರ್ ಸೋರಿಕೆಯ ಗಾಡಿಗೆ ಒಂದು ವಾರದ ಖರ್ಚೇ ಐದು. ಅಲ್ಲದೆ ಸೀಸದ ಬ್ಯಾಟರಿಯ ಕೊನೆಯ ಐದನೆಯ ಒಂದು ಭಾಗ ತುಂಬಲು ಗಂಟೆಗಟ್ಟಲೆ ಬೇಕು. ಅರೆಬರೆ ತುಂಬಿಯೇ ಉಳಿದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಕೂರುತ್ತದೆ, ಕೂತ ಮೇಲೆ ಏಳುವುದಿಲ್ಲ. ಎಂಜಿನ್ನೂ ಬಿಸಿಯಾಗದೆ ಸೈಲೆನ್ಸರಿನೊಳಗೆ ನೀರು ಕಟ್ಟುತ್ತದೆ. ಅದಕ್ಕಿಂತ ಹದಿನೈದು ದಿನಕ್ಕೊಮ್ಮೆ ಉಡುಪಿಯ ಕರಾವಳಿ ಜಂಕ್ಷನ್ನಿನಿಂದ ಹೊರಟು ಹೆದ್ದಾರಿ 66ರಲ್ಲಿ ಮಂಗಳೂರಿನ ಕೊಟ್ಟಾರ ಚೌಕಿ ಮುಟ್ಟಿ ಬನ್ನಿ. ಬ್ಯಾಟರಿ, ಟಯರು, ಬ್ರೇಕು ಮೂರಕ್ಕೂ ಒಳ್ಳೆಯದು.

ಅದಾಗದವರಿಗೆ ಹಂತಹಂತವಾಗಿ ವೋಲ್ಟೇಜ್ ಬದಲಿಸುವ ಸ್ಮಾರ್ಟ್ ಚಾರ್ಜರೇ ನನ್ನ ಸಲಹೆ. ಅದು 14.4ರ ತನಕ ಏರಿಸಿ ತುಂಬಿಸಿ, ಆಮೇಲೆ 13.5ರ ಆಸುಪಾಸಿಗೆ ಇಳಿದು ಕಾಯುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿರಿ: ಪ್ಲಗ್ ಕಿತ್ತು ಮತ್ತೆ ಹಾಕಿದಾಗ ಚಾರ್ಜರು ತಾನಾಗಿ ಕೆಲಸ ಮುಂದುವರಿಸಬೇಕು. ಗುಂಡಿ ಒತ್ತಿದರೆ ಮಾತ್ರ ಶುರುವಾಗುವ ಚಾರ್ಜರು, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಜುಲೈ ತಿಂಗಳಲ್ಲಿ ಮೊದಲ ದಿನವೇ ಮಲಗಿರುತ್ತದೆ, ನಾವು ಮಾತ್ರ ಅದು ದುಡಿಯುತ್ತಿದೆ ಎಂದುಕೊಂಡಿರುತ್ತೇವೆ. ಗ್ಯಾರೇಜಿನ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರನ್ನು ದಿನಗಟ್ಟಲೆ ಹಚ್ಚಿಡಬಾರದು. ಅದು ಆಸಿಡ್ಡನ್ನು ಕುದಿಸಿ ನೀರನ್ನು ಆರಿಸುತ್ತದೆ. ನೀರು ತುಂಬುವ ಬಗೆಯ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನನ್ನೂ ಹಾಕಬೇಡಿ, ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ.

ಸೌರ ಫಲಕ ನಮ್ಮ ಊರಿನಲ್ಲಿ ಅರ್ಧ ವರ್ಷದ ಪರಿಹಾರ. 10 ವ್ಯಾಟಿನದು ಡಿಸೆಂಬರಿನ ಬಿಸಿಲಿನಲ್ಲಿ ದಿನಕ್ಕೆ ಎರಡು, ಎರಡೂವರೆ ಆಂಪಿಯರ್ ಅವರ್ ಕೊಟ್ಟು ಸಹಜ ಸೋರಿಕೆಯನ್ನು ಸುಲಭವಾಗಿ ತುಂಬುತ್ತದೆ. ಆದರೆ ಗಾಡಿ ಏಳದಿರುವುದು ಮೋಡ ಕವಿದ ತಿಂಗಳುಗಳಲ್ಲಿ. ಬಯಲಿನಲ್ಲಿ ನಿಲ್ಲಿಸೋಣವೆಂದರೆ ತೆಂಗಿನ ಮರವಿಲ್ಲದ ಅಂಗಳ ಇಲ್ಲಿ ಯಾರಿಗಿದೆ? ಫಲಕವನ್ನು ಮಾಡಿನ ಶೀಟಿನ ಮೇಲಿಟ್ಟು ವೈರು ಇಳಿಸುವುದು ಮೇಲು. ಅದನ್ನು ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರ್ ತೂತಿಗೆ ಚುಚ್ಚುವವರು, ಕೀ ತೆಗೆದಾಗಲೂ ಆ ತೂತಿಗೆ ಬ್ಯಾಟರಿಯ ಸಂಪರ್ಕ ಇರುತ್ತದೆಯೇ ಎಂದು ನೋಡಿಕೊಳ್ಳಬೇಕು. ಅನೇಕ ಗಾಡಿಗಳಲ್ಲಿ ಇರುವುದಿಲ್ಲ.

ಏನೂ ಬೇಡವೆನ್ನುವವರು ನೆಗೆಟಿವ್ ಕಂಬದ ಮೇಲೆ ತಿರುಗಿಸುವ ಐಸೊಲೇಟರ್ ಸ್ವಿಚ್ ಹಾಕಿಸಬಹುದು. ಅಗ್ಗ, ಖಚಿತ. ಗಡಿಯಾರ ಮತ್ತೆ ಹೊಂದಿಸಬೇಕು, ಕೆಲವು ಸ್ಟೀರಿಯೊಗಳು ಕೋಡು ಕೇಳುತ್ತವೆ, ಟ್ರ್ಯಾಕರು ಸುಮ್ಮನಾಗುತ್ತದೆ. ಹೀಗೆ ಬಿಚ್ಚಿಟ್ಟ ಬ್ಯಾಟರಿಯೂ ನಮ್ಮ ಸೆಕೆಗೆ ತಾನಾಗಿ ತುಸು ತುಸು ಇಳಿಯುತ್ತದೆ. ಒಂದೂವರೆ ತಿಂಗಳಿಗೊಮ್ಮೆ ಅಳೆದು, 12.5ಕ್ಕಿಂತ ಕೆಳಗಿದ್ದರೆ ಒಂದು ರಾತ್ರಿ ಚಾರ್ಜಿಗೆ ಹಾಕಬೇಕು.

ಈಗಾಗಲೇ ಪೂರ್ತಿ ಇಳಿದಿದ್ದರೆ

ಜಂಪರ್ ಕೇಬಲ್ ಹಾಕುವಾಗ ಕೆಂಪು ಮೊದಲು ಇಳಿದ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯದರ ಪಾಸಿಟಿವ್‌ಗೆ, ಕಪ್ಪು ಒಳ್ಳೆಯದರ ನೆಗೆಟಿವ್‌ಗೆ, ಕೊನೆಯ ತುದಿ ಮಾತ್ರ ಇಳಿದ ಗಾಡಿಯ ಎಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯ ಸಂಪರ್ಕದಲ್ಲಿ ಕಿಡಿ ಹಾರುವುದು ಸಹಜ. ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರುವುದೂ ಸಹಜ. ಗಾಡಿ ಎದ್ದಿತೆಂದು ಹಾಗೆಯೇ ಮಣಿಪಾಲಕ್ಕೆ ಹೋಗಿ ಬಂದರೆ ಬ್ಯಾಟರಿ ತುಂಬುವುದಿಲ್ಲ, ಆಲ್ಟರ್ನೇಟರಿಗೂ ಅದು ಹೊರೆ. 80 ಆಂಪಿಯರ್ ಅವರ್ ಬ್ಯಾಟರಿಯನ್ನು 8 ಆಂಪಿಯರಿನ ಒಳಗಿನ ಚಾರ್ಜರಿಗೆ ರಾತ್ರಿಯಿಡೀ ಹಾಕಿ, ಮರುದಿನ ಬಿಚ್ಚಿಟ್ಟು, ಅದರ ಮರುದಿನ ಬೆಳಿಗ್ಗೆ ಅಳೆಯಿರಿ. 12.6 ನಿಂತಿದ್ದು, ಸೆಲ್ಫ್ ಎಳೆಯುವಾಗ 9.6ರ ಮೇಲಿದ್ದರೆ ಅದನ್ನು ಎಸೆಯಬೇಕಾಗಿಲ್ಲ. 12.4ರ ಕೆಳಗೆ ಜಾರಿದ್ದರೆ ಹೊಸತನ್ನು ಕೊಳ್ಳಿರಿ, ಆದರೆ ಸೋರಿಕೆಯನ್ನು ಅಳೆದ ಮೇಲೆ.

ನಮ್ಮ ವ್ಯಾನಿನ ಬಾನೆಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಬ್ಯಾಟರಿ ಹಾಕಿಸಿದ ತಾರೀಕು, ನಿಂತಾಗಿನ ಸೋರಿಕೆ 0.03 ಆಂಪಿಯರ್, ಎಂಜಿನ್ ಓಡುವಾಗಿನ ವೋಲ್ಟೇಜ್ 14.2 ಎಂದು ಬರೆದಿದೆ. ಹೋದ ವರ್ಷ ಚೌತಿಯ ಮುನ್ನಾದಿನ ಬಂದ ಮೆಕ್ಯಾನಿಕ್ ಅದನ್ನು ಓದಿ, ಬ್ಯಾಟರಿಯನ್ನು ಮುಟ್ಟದೆ ಸೀದಾ ಅರ್ಥಿಂಗ್ ಪಟ್ಟಿಗೆ ಕೈಹಾಕಿದರು.